ಸ್ಟೆಪ್ನಿಗೆ ಗಾಳಿ ಇದೆಯಾ?

ಇಲ್ಲಿ ಏನಾದರೂ ಬರೆದು ಸುಮಾರು ದಿನಗಳಾದವು. ವಿಷಯ ಇರಲಿಲ್ಲ ಅಂತಲ್ಲ, ಸೋಮಾರಿತನ ಅಷ್ಟೇ :-)

ಮೊನ್ನೆ ಆಫೀಸಿನಲ್ಲಿ ಹೊಸದಾಗಿ ಸೇರಿದ ಹುಡುಗನೊಬ್ಬ ಒಂದು ಪ್ರಶ್ನೆ ಕೇಳಿದ. ಸರ್ವರಿನ ಡಿಸ್ಕುಗಳ ಪಟ್ಟಿ ನೋಡುತ್ತಾ ಕೂತಿದ್ದವನು, "ಸಾರ್, ಈ ಒಂದು ಡಿಸ್ಕು ಸುಮ್ನೆ ಕೂತಿದೆ. ಇದನ್ನೂ ಸೇರಿಸಿಬಿಟ್ರೆ ಇನ್ನಷ್ಟು ಜಾಗ ಸಿಗತ್ತಲ್ವಾ?" ಅಂದ.

"ಅದು ಸುಮ್ನೆ ಕೂತಿಲ್ಲ ಮಾರಾಯ, ಕಾಯ್ತಾ ಇದೆ" ಅಂದೆ. ಅವನು ನಕ್ಕ. ನನಗೆ ನಗು ಬರಲಿಲ್ಲ. ಯಾಕೆ ಬರಲಿಲ್ಲ ಅಂತ ಹೇಳಬೇಕಾದರೆ ಮೊದಲು ನಮ್ಮ ಮಾವನ ಜೀಪಿನ ವಿಷಯ ಹೇಳಬೇಕು.

ಮಾವನಿಗೆ ಸಾಗರದ ಹತ್ತಿರದ ಒಂದು ಹಳ್ಳಿಯಲ್ಲಿ ಬಾಡಿಗೆ ಜೀಪಿತ್ತು. ವಾರಕ್ಕೊಮ್ಮೆ ಪೇಟೆಗೆ ಹೋದಾಗ ಚಕ್ರಗಳಿಗೆ ಗಾಳಿ ಹಿಡಿಸುತ್ತಿದ್ದ. ನಾಲ್ಕಲ್ಲ, ಐದಕ್ಕೂ. ಹಿಂದೆ ನೇತುಹಾಕಿದ್ದ ಸ್ಟೆಪ್ನಿಗೂ ಪೈಪು ಹಿಡಿದು ನೋಡದೆ ಅಲ್ಲಿಂದ ಕದಲುತ್ತಿರಲಿಲ್ಲ. ಬೇಸಿಗೆ ರಜೆಯಲ್ಲಿ ಜೊತೆಗೆ ಹೋಗಿದ್ದ ನಾನು ಒಮ್ಮೆ ಕೇಳಿದ್ದೆ, "ಓಡೋದು ನಾಲ್ಕೇ ಚಕ್ರ ಅಲ್ವಾ ಮಾವ, ಅದಕ್ಕ್ಯಾಕೆ?"

"ಓಡೋ ಚಕ್ರ ಗಾಳಿ ಹೋದ್ರೆ ತಾನೇ ಹೇಳತ್ತೆ ಕಣೋ. ಸ್ಟೆಪ್ನಿ ಹೇಳಲ್ಲ. ನಾವೇ ಕೇಳ್ಬೇಕು."

(ಸ್ಟೆಪ್ನಿ ಅನ್ನುವ ಶಬ್ದ ವೇಲ್ಸ್‌ನ ಒಂದು ಬೀದಿಯ ಹೆಸರಿನಿಂದ ಬಂದದ್ದಂತೆ. 1904ರ ಹೊತ್ತಿಗೆ ಅಲ್ಲಿ ಹೆಚ್ಚುವರಿ ಚಕ್ರ ಮಾಡಿ ಮಾರಲು ಶುರುಮಾಡಿದ ಕಂಪನಿಗೆ ಆ ಬೀದಿಯ ಹೆಸರಿತ್ತು. ನಮ್ಮಲ್ಲಿ ಲಾರಿ ಡ್ರೈವರುಗಳ ಬಾಯಲ್ಲಿ ಆ ಹೆಸರು ಇವತ್ತಿಗೂ ಉಳಿದಿದೆ.)

ಮಾವನ ಮಾತು ಅರ್ಥವಾಗಲು ನನಗೆ 2009ರ ಮೇ ತಿಂಗಳವರೆಗೆ ಕಾಯಬೇಕಾಯಿತು.

ಆಗ ನಾನು ಬೆಂಗಳೂರಿನಲ್ಲಿ ಕೆಲಸ ಮುಗಿಸಿ ಸಂಜೆ ಹೊತ್ತು ಒಂದು ಪುಟ್ಟ ಸಂಸ್ಥೆಗೆ ಹೋಗುತ್ತಿದ್ದೆ. ಎರಡು ಕೋಣೆ, ನಾಲ್ಕು ಜನ. ಹಳ್ಳಿಗಳಿಂದ ಹಳೆಯ ಕ್ಯಾಸೆಟ್ಟುಗಳನ್ನು ತಂದು ಕಂಪ್ಯೂಟರಿಗೆ ಇಳಿಸುವುದು ಅಲ್ಲಿಯ ಕೆಲಸ. ಮದುವೆಮನೆಯ ಹಸೆ ಹಾಡು, ತಾಳಮದ್ದಳೆ, ಬೀಸುವ ಪದ... ಮನೆಯವರೇ ಎಂಬತ್ತರ ದಶಕದಲ್ಲಿ ಟೇಪ್‌ರೆಕಾರ್ಡರ್ ಇಟ್ಟು ಹಿಡಿದಿದ್ದವು. ಅದನ್ನೆಲ್ಲ ಇಡುವ ಸರ್ವರು ನೋಡಿಕೊಳ್ಳುವುದು ನನ್ನ ಪಾಲಿಗೆ ಬಂದಿತ್ತು.

2008ರ ಜೂನಿನಲ್ಲಿ ಆ ಸರ್ವರು ಕಟ್ಟಿದ್ದೆ. ಐದು ಡಿಸ್ಕು, ಒಂದೊಂದೂ 500 ಜಿಬಿ. ದುಬಾರಿ ರೇಡ್ ಕಾರ್ಡಿಗೆ ದುಡ್ಡಿರಲಿಲ್ಲ, ಲಿನಕ್ಸಿನ ಸಾಫ್ಟ್‌ವೇರ್ ರೇಡ್ ಸಾಕು ಅಂದುಕೊಂಡೆ. ನೀಲ್ ಬ್ರೌನ್ ಬರೆದ ಎಂಡಿಎಡಿಎಂ ಅನ್ನುವ ಒಂದೇ ಒಂದು ಆಜ್ಞೆಯಲ್ಲಿ ಇಡೀ ಸಂಸಾರ ನಡೆಯುತ್ತದೆ.

ರೇಡ್ ಗೊತ್ತಿಲ್ಲದವರಿಗಾಗಿ ಎರಡು ಮಾತು. 1988ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿಯಲ್ಲಿದ್ದ ಪ್ಯಾಟರ್ಸನ್, ಗಿಬ್ಸನ್, ಕಾಟ್ಜ್ ಎಂಬ ಮೂವರು ಒಂದು ಪ್ರಬಂಧ ಬರೆದರು. ದೊಡ್ಡ ದುಬಾರಿ ಡಿಸ್ಕು ಒಂದರ ಬದಲು ಅಗ್ಗದ ಸಣ್ಣ ಡಿಸ್ಕುಗಳನ್ನು ಗುಂಪು ಕಟ್ಟಿ, ಒಂದು ಸತ್ತರೂ ಉಳಿದವು ಅದರ ಮಾಹಿತಿಯನ್ನು ಲೆಕ್ಕ ಹಾಕಿ ಹೇಳುವಂತೆ ಮಾಡಬಹುದು ಅಂತ. ಲೆಕ್ಕ ಸುಲಭ. ಮೂರು ಡಿಸ್ಕಿನಲ್ಲಿ 7, 5, 9 ಇದೆ ಅಂದುಕೊಳ್ಳಿ. ನಾಲ್ಕನೆಯದರಲ್ಲಿ ಮೊತ್ತ 21 ಬರೆದಿಡಿ. ಈಗ 5 ಇದ್ದ ಡಿಸ್ಕು ಸತ್ತರೆ? 21ರಲ್ಲಿ 7, 9 ಕಳೆದರೆ ಆಯ್ತು. ಕಂಪ್ಯೂಟರು ಮಾಡುವುದು ಕೂಡುವುದಲ್ಲ, ಎಕ್ಸ್ಆರ್, ಮೊತ್ತವನ್ನೂ ಒಂದೇ ಡಿಸ್ಕಿನಲ್ಲಿಡದೆ ಎಲ್ಲದರ ಮೇಲೂ ಹಂಚುತ್ತದೆ. ತತ್ವ ಮಾತ್ರ ಇದೇ. ಇದು ರೇಡ್ 5. ಒಂದು ಡಿಸ್ಕು ಹೋದರೆ ಪರವಾಗಿಲ್ಲ. ಎರಡು ಹೋದರೆ ಕಥೆ ಮುಗೀತು.

ಹಾಗಾಗಿ ಒಂದು ಹೋದ ತಕ್ಷಣ ಅದರ ಜಾಗಕ್ಕೆ ಇನ್ನೊಂದು ಬರಬೇಕು. ರಾತ್ರಿ ಎರಡು ಗಂಟೆಗೆ ಯಾರು ಎದ್ದು ಹೋಗಿ ಹಾಕುತ್ತಾರೆ? ಅದಕ್ಕೇ ಹಾಟ್ ಸ್ಪೇರ್. ಪೆಟ್ಟಿಗೆಯೊಳಗೇ ಕೂತು, ಕರೆಂಟು ಪಡೆದು, ತಿರುಗುತ್ತಾ, ಒಂದು ಅಕ್ಷರವನ್ನೂ ಬರೆಯದೆ ಕಾಯುವ ಡಿಸ್ಕು. ಜೀಪಿನ ಸ್ಟೆಪ್ನಿಗಿಂತ ಒಂದು ಹೆಜ್ಜೆ ಮುಂದೆ. ಪಂಕ್ಚರ್ ಆದ ಕ್ಷಣ ತಾನೇ ಹೋಗಿ ಕೂರುತ್ತದೆ, ಜಾಕಿ ಹಾಕುವ ಕೆಲಸವಿಲ್ಲ.

ಕಟ್ಟುವಾಗ ಕೊಟ್ಟ ಆಜ್ಞೆ ಇಷ್ಟು (ಕನ್ನಡ ಅಕ್ಷರದಲ್ಲೇ ಬರೆಯುತ್ತಿದ್ದೇನೆ, ನೀವು ಟೈಪ್ ಮಾಡುವಾಗ ಇಂಗ್ಲಿಷಿನಲ್ಲೇ ಮಾಡಿ ಮತ್ತೆ :-) ):

ಎಂಡಿಎಡಿಎಂ --ಕ್ರಿಯೇಟ್ /ಡೆವ್/ಎಂಡಿ0 --ಲೆವೆಲ್=5 --ರೇಡ್-ಡಿವೈಸಸ್=4 --ಸ್ಪೇರ್-ಡಿವೈಸಸ್=1

ಕೊನೆಗೆ ಐದು ಡಿಸ್ಕುಗಳ ಹೆಸರು. ಆಮೇಲೆ /ಪ್ರಾಕ್/ಎಂಡಿಸ್ಟ್ಯಾಟ್ ಫೈಲು ತೆರೆದು ನೋಡಿದರೆ ಐದನೆಯದರ ಪಕ್ಕ ಆವರಣದಲ್ಲಿ ಎಸ್ ಅಂತಿತ್ತು, ಸ್ಪೇರ್ ಅನ್ನುವುದಕ್ಕೆ. ಅದರ ಕೆಳಗೆ ಸಾಲಾಗಿ ನಾಲ್ಕು ಯು ಅಕ್ಷರ, 'ಯುಯುಯುಯು'. ನಾಲ್ಕೂ ಕ್ಷೇಮ. ಅವತ್ತು ಎಷ್ಟು ಹೆಮ್ಮೆ ಅಂದರೆ ಸಂಸ್ಥೆಯ ನಾಲ್ಕೂ ಜನರನ್ನು ಕರೆದು ತೋರಿಸಿದ್ದೆ. "ಇನ್ನು ಒಂದಲ್ಲ, ಎರಡು ಡಿಸ್ಕು ಹೋದ್ರೂ ಏನೂ ಆಗಲ್ಲ" ಅಂತ ಭಾಷಣ ಬೇರೆ. (ಒಂದಾದ ಮೇಲೊಂದು ಹೋದರೆ, ನಡುವೆ ಸ್ಪೇರ್ ತುಂಬಿಕೊಳ್ಳಲು ಸಮಯ ಸಿಕ್ಕಿದರೆ ಮಾತ್ರ ಅದು ನಿಜ. ಭಾಷಣದಲ್ಲಿ ಅದನ್ನು ಹೇಳಲಿಲ್ಲ.)

ಆಮೇಲೆ ವಾರಕ್ಕೊಮ್ಮೆ ಹೋಗಿ ನೋಡುತ್ತಿದ್ದೆ. ಯುಯುಯುಯು. ಖುಷಿ. ಮನೆಗೆ.

ಈಗ ಮೇ ತಿಂಗಳಿಗೆ ಬರೋಣ. ಚಿಕ್ಕಪ್ಪನ ಮಗಳ ಮದುವೆಗೆ ಊರಿಗೆ ಹೋಗಿದ್ದೆ. ಮದುವೆಯ ಹಿಂದಿನ ದಿನ ಸಂಸ್ಥೆಯಿಂದ ಫೋನು. "ಫೈಲು ತೆಗೆಯೋದು ತುಂಬಾ ನಿಧಾನ ಆಗಿದೆ, ಪೆಟ್ಟಿಗೆಯೊಳಗೆ ಟಕ್ ಟಕ್ ಶಬ್ದ."

ಮಾವನ ಜೀಪಿನಲ್ಲಿ ಸಾಗರಕ್ಕೆ ಹೋದೆವು. ಒಂದು ಸೈಬರ್ ಕೆಫೆಯಲ್ಲಿ ಕೂತು, ದೂರದ ಸರ್ವರಿಗೆ ಲಾಗಿನ್ ಆಗುವ ಪುಟ್ಟಿ ತಂತ್ರಾಂಶ ಇಳಿಸಿಕೊಳ್ಳಲು ಶುರುಮಾಡಿದೆ. ಮಾವ ಪಕ್ಕದ ಕುರ್ಚಿಯಲ್ಲಿ. "ಎಂಥದೋ ಅದು?" "ಪುಟ್ಟಿ ಬರ್ತಾ ಇದೆ ಮಾವ." "ಯಾರ ಮನೆ ಪುಟ್ಟಿ?" ಕೆಫೆಯವನೂ ನಕ್ಕ. ನಗುತ್ತಲೇ ಲಾಗಿನ್ ಆದೆ. ತೆರೆಯ ಮೇಲೆ ಬಂದದ್ದು ಯುಯು, ಒಂದು ಅಡಿಗೆರೆ, ಇನ್ನೊಂದು ಯು. ನಾಲ್ಕರಲ್ಲಿ ಮೂರು.

ಇರಲಿ, ಸ್ಪೇರ್ ಇದೆಯಲ್ಲ, ತುಂಬಿಕೊಳ್ಳುತ್ತಿರಬೇಕು ಅಂದುಕೊಂಡು 'ಎಂಡಿಎಡಿಎಂ --ಡೀಟೇಲ್' ಕೊಟ್ಟೆ. ಸ್ಪೇರ್ ಡಿವೈಸಸ್ ಅನ್ನುವ ಸಾಲಿನ ಎದುರು ಸೊನ್ನೆ.

ಹೇಗೆ? ನಾನೇ ಹಾಕಿದ್ದು ಐದು ಡಿಸ್ಕು! ಹುಡುಕುತ್ತಾ ಹೋದಾಗ ರೂಟ್ ಬಳಕೆದಾರನ ಅಂಚೆಪೆಟ್ಟಿಗೆ ನೆನಪಾಯಿತು. ಯಾವತ್ತೂ ತೆರೆಯದ ಪೆಟ್ಟಿಗೆ. ನೂರಾರು ಬೇಡದ ಪತ್ರಗಳ ನಡುವೆ 2008ರ ನವೆಂಬರಿನ ಒಂದು ಪತ್ರ. ಎಂಡಿ0ಯಲ್ಲಿ ಒಂದು ಫೇಲ್ ಈವೆಂಟ್ ಕಂಡುಬಂದಿದೆ, ಅಂತ. ಎಂಡಿಎಡಿಎಂ ಕಳಿಸುವ ಪತ್ರದ ಕೊನೆಗೆ 'ಫೇತ್‌ಫುಲಿ ಯುವರ್ಸ್' ಅಂತ ಇರುತ್ತದೆ. ಪಾಪ, ಅದು ತನ್ನ ನಿಷ್ಠೆ ತೋರಿಸಿತ್ತು. ಓದುವವನೇ ಇರಲಿಲ್ಲ.

ನಡೆದದ್ದು ಇಷ್ಟು. ನವೆಂಬರಿನಲ್ಲೇ ಒಂದು ಡಿಸ್ಕು ಸತ್ತಿತ್ತು. ಸ್ಪೇರ್ ತನ್ನ ಪಾಡಿಗೆ ಎದ್ದು ಬಂದು ಅದರ ಜಾಗದಲ್ಲಿ ಕೂತು, ಕೆಲವೇ ಗಂಟೆಗಳಲ್ಲಿ ಎಲ್ಲ ತುಂಬಿಕೊಂಡಿತ್ತು. ಮತ್ತೆ ನಾಲ್ಕು ಯು. ಎಂಡಿಎಡಿಎಂ ಡಿಸ್ಕು ಸತ್ತಾಗ ಪತ್ರ ಬರೆಯುತ್ತದೆ, ಗುಂಪಿನಲ್ಲಿ ಡಿಸ್ಕು ಕಡಿಮೆ ಇದ್ದಷ್ಟು ದಿನ ನೆನಪಿಸುತ್ತದೆ. ಸ್ಪೇರ್ ಬಂದು ತುಂಬಿದ ಮೇಲೆ ಅದರ ಲೆಕ್ಕದಲ್ಲಿ ಎಲ್ಲ ಸರಿಹೋಯಿತು. ಹಾಗಾಗಿ ಬಂದದ್ದು ಒಂದೇ ಪತ್ರ. ಸತ್ತ ಡಿಸ್ಕಿನ ಪಕ್ಕ ಎಂಡಿಸ್ಟ್ಯಾಟ್‌ನಲ್ಲಿ ಎಫ್ ಅಂತ ಗುರುತು ಬಂದಿರುತ್ತದೆ. ಆದರೆ ನಾವು ಕರೆಂಟು ಉಳಿಸಲು ಶನಿವಾರ ಸಂಜೆ ಸರ್ವರು ಆರಿಸಿ ಸೋಮವಾರ ಹಚ್ಚುತ್ತಿದ್ದೆವು. ಹೊಸದಾಗಿ ಹಚ್ಚಿದಾಗ, ಹಿಂದೆ ಬಿದ್ದ ಡಿಸ್ಕನ್ನು ಗುಂಪಿಗೆ ಸೇರಿಸಿಕೊಳ್ಳುವುದೇ ಇಲ್ಲ. ಆ ಎಫ್ ಗುರುತೂ ಅಳಿಸಿಹೋಯಿತು. ನಾನು ಆರು ತಿಂಗಳು ನಾಲ್ಕು ಯು ನೋಡಿ ಖುಷಿಪಟ್ಟಿದ್ದೆ. ಎಸ್ ಎಲ್ಲಿ ಅಂತ ಒಂದು ದಿನವೂ ಕೇಳಿರಲಿಲ್ಲ.

ವಾಪಸ್ ಬರುವಾಗ ಮಾವ ಕೇಳಿದ, "ಸ್ಟೆಪ್ನಿ ಇತ್ತು ಅಂದಿದ್ಯಲ್ಲ?" "ಇದೆ ಅಂದ್ಕೊಂಡಿದ್ದೆ" ಅಂದೆ. ಅವನು ಮತ್ತೇನೂ ಕೇಳಲಿಲ್ಲ.

ಫೋನಿನಲ್ಲೇ ಹೇಳಿ ಸರ್ವರು ಆರಿಸಿಸಿದೆ. ಮಾರನೇ ದಿನ ಧಾರೆ ಮುಗಿದ ಮೇಲೆ ಊಟಕ್ಕೂ ನಿಲ್ಲದೆ ಹೊರಟು, ಬೆಂಗಳೂರು ಮುಟ್ಟಿ, ಎಸ್.ಪಿ. ರಸ್ತೆಯಲ್ಲಿ ಎರಡು ಡಿಸ್ಕು ಕೊಂಡೆ. ಒಂದು ಹಾಕುವುದಕ್ಕೆ, ಇನ್ನೊಂದು ಹೊಸ ಸ್ಪೇರ್.

ಸತ್ತದ್ದನ್ನು ತೆಗೆದು ಹೊಸದನ್ನು ಕೂರಿಸಿ, 'ಎಂಡಿಎಡಿಎಂ --ಮ್ಯಾನೇಜ್ /ಡೆವ್/ಎಂಡಿ0 --ಆಡ್' ಅಂತ ಹೇಳಿ ಡಿಸ್ಕಿನ ಹೆಸರು ಕೊಟ್ಟೆ. ಇದೊಂದು ತಮಾಷೆಯ ಆಜ್ಞೆ. ಗುಂಪು ಪೂರ್ತಿ ಇದ್ದಾಗ ಕೊಟ್ಟರೆ ಹೊಸ ಡಿಸ್ಕು ಸ್ಪೇರ್ ಆಗಿ ಕೂರುತ್ತದೆ. ಒಂದು ಕಡಿಮೆ ಇದ್ದಾಗ ಕೊಟ್ಟರೆ ಆ ಕ್ಷಣವೇ ಮರುನಿರ್ಮಾಣ ಶುರು. ಶುರುವಾಯಿತು. ಸುಮಾರು ಮೂರು ಗಂಟೆಯ ಕೆಲಸ. ಶೇಕಡಾ 20... 40... 60...

71ಕ್ಕೆ ನಿಂತಿತು. ಉಳಿದ ಮೂರರಲ್ಲಿ ಒಂದು ಡಿಸ್ಕಿನ ಒಂದು ಮೂಲೆ ಓದಲಾಗಲಿಲ್ಲ. ಒಂದು ಡಿಸ್ಕು ಮೊದಲೇ ಇಲ್ಲದಾಗ ಓದಲಾಗದ ಮೂಲೆಯನ್ನು ಲೆಕ್ಕಹಾಕಿ ಹೇಳುವವರು ಯಾರೂ ಇಲ್ಲ. ಎಂಡಿ ಆ ಡಿಸ್ಕನ್ನೂ ಹೊರಗೆ ಹಾಕಿತು. ನಾಲ್ಕರಲ್ಲಿ ಎರಡು. ಗುಂಪು ಬಿದ್ದುಹೋಯಿತು.

ಆ ಮೂಲೆ ಯಾವಾಗ ಕೆಟ್ಟಿತ್ತೋ ದೇವರಿಗೇ ಗೊತ್ತು. ಡೆಬಿಯನ್‌ನಲ್ಲಿ ತಿಂಗಳ ಮೊದಲ ಭಾನುವಾರ ರಾತ್ರಿ ಎಲ್ಲ ಡಿಸ್ಕುಗಳನ್ನೂ ಮೂಲೆಮೂಲೆ ಓದಿ ನೋಡುವ ಏರ್ಪಾಟು ತಾನಾಗಿಯೇ ಇರುತ್ತದೆ. ಗುಂಪು ಪೂರ್ತಿ ಇದ್ದಾಗ ಕೆಟ್ಟ ಮೂಲೆ ಸಿಕ್ಕರೆ ಉಳಿದವುಗಳಿಂದ ಲೆಕ್ಕಹಾಕಿ ಅಲ್ಲೇ ಸರಿಮಾಡಿಬಿಡುತ್ತದೆ. ಆದರೆ ನಮ್ಮ ಸರ್ವರು ಭಾನುವಾರ ಮಲಗಿರುತ್ತಿತ್ತಲ್ಲ! ಕರೆಂಟು ಬಿಲ್ಲಿನಲ್ಲಿ ಎಷ್ಟು ಉಳಿಸಿದೆವೋ ಲೆಕ್ಕ ಹಾಕಿಲ್ಲ.

ಆಮೇಲಿನ ಎರಡು ದಿನ ನಿದ್ದೆ ಇಲ್ಲ. ಗುಂಪನ್ನು ನಿಲ್ಲಿಸಿ, ಕೆಟ್ಟ ಮೂಲೆಯ ಡಿಸ್ಕನ್ನು ಡಿಡಿರೆಸ್ಕ್ಯೂ ಬಳಸಿ ಎರಡನೇ ಹೊಸ ಡಿಸ್ಕಿಗೆ ನಕಲು ಮಾಡಿದೆ. ಅದು ಓದಲು ಬರುವುದನ್ನೆಲ್ಲ ಮೊದಲು ಎತ್ತಿಕೊಂಡು, ಬಾರದ ಕಡೆ ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ಕೊನೆಗೂ ಬಾರದ ಜಾಗ ಖಾಲಿ ಉಳಿಯುತ್ತದೆ. ಆಮೇಲೆ ಆ ನಕಲು, ಮತ್ತು ಸರಿ ಇದ್ದ ಎರಡು, ಒಟ್ಟು ಮೂರನ್ನು ಕೊಟ್ಟು '--ಅಸೆಂಬಲ್ --ಫೋರ್ಸ್'. ಎಂಟರ್ ಒತ್ತುವ ಮೊದಲು ಡಿಸ್ಕುಗಳ ಕ್ರಮಸಂಖ್ಯೆಗಳನ್ನು ಮೂರು ಸಲ ಓದಿದೆ. ಕೈ ನಡುಗುತ್ತಿತ್ತು ಅಂದರೆ ಸುಳ್ಳಲ್ಲ. ಒತ್ತಿದೆ. ಎದ್ದು ನಿಂತಿತು.

ಕ್ಯಾಸೆಟ್ಟು ಇಳಿಸುವಾಗಲೇ ಪ್ರತಿ ಫೈಲಿನ ಎಂಡಿ5 ಮೊತ್ತ ಬರೆದು ಸಿಡಿಯಲ್ಲಿಡುವ ಒಂದು ಒಳ್ಳೆಯ ಅಭ್ಯಾಸ ನಮ್ಮಲ್ಲಿತ್ತು. ಹೋಲಿಸಿ ನೋಡಿದೆ. ಮೂರು ಫೈಲು ಬಿಟ್ಟು ಉಳಿದೆಲ್ಲ ಸರಿ. ಆ ಮೂರರಲ್ಲಿ ಎರಡು ಡಿವಿಡಿಯಲ್ಲಿದ್ದವು. ಮೂರನೆಯದು "ಮುಂದಿನ ವಾರ ಬರೆಯೋಣ" ಅಂತ ಬಿಟ್ಟಿದ್ದ ಗುಂಪಿನದು.

ಅದು ನಮ್ಮೂರ ಹತ್ತಿರದ ಒಬ್ಬ ಅಜ್ಜಿ ಹಾಡಿದ ಹಸೆ ಹಾಡು. 1989ರಲ್ಲಿ ಮೊಮ್ಮಗ ಹಿಡಿದದ್ದು. ಅಜ್ಜಿ 2003ರಲ್ಲಿ ತೀರಿಕೊಂಡಿದ್ದರು. ಕ್ಯಾಸೆಟ್ಟನ್ನು ಆ ಮನೆಯಿಂದ ಕೇಳಿ ತಂದವನು ನಾನೇ, ಇಳಿಸಿದ ಮೇಲೆ ವಾಪಸ್ ಕೊಟ್ಟುಬಂದವನೂ ನಾನೇ. ಮತ್ತೆ ಕೇಳೋಣ ಅಂತ ಹೋದರೆ ನಡುವಿನ ಮಳೆಗಾಲದಲ್ಲಿ ಟೇಪಿಗೆ ಬೂಷ್ಟು ಹಿಡಿದಿತ್ತು. ತಿರುಗಿಸಲು ಹೋದಾಗ ತುಂಡಾಯಿತು. ಮೊಮ್ಮಗ, "ಇರ್ಲಿ ಬಿಡಿ, ನಿಮ್ಮ ಕಂಪ್ಯೂಟರಲ್ಲಿ ಇದೆಯಲ್ಲ" ಅಂದ. ನಾನು ಹೂಂ ಅಂದೆ.

ಇದೆ, ಸುಳ್ಳಲ್ಲ. ಹೋದದ್ದು 4 ಕೆಬಿ, ಸೆಕೆಂಡಿನ ನೂರರಲ್ಲಿ ಎರಡು ಪಾಲು. ಅಜ್ಜಿ ಒಂದು ಸಾಲು ಎತ್ತಿಕೊಳ್ಳುವಲ್ಲಿ ಕಡ್ಡಿ ಮುರಿದಂತೆ ಒಂದು ತುಂಡು ಮೌನ. ಅಲ್ಲಿಂದ ಸೆಕೆಂಡಿನ ಮೂರನೇ ಒಂದು ಭಾಗ ದಾಟಿದರೆ ಕರ್ರ್ ಅಂತ ಒಂದು ಸದ್ದು. ಮೌನ, ನಕಲಿನ ಖಾಲಿ ಜಾಗ. ಸದ್ದು, ಆ ಖಾಲಿಯನ್ನು ನಂಬಿ ಸತ್ತ ಡಿಸ್ಕಿನದನ್ನು ಲೆಕ್ಕಹಾಕಿದ್ದರ ಉತ್ತರ. 21ರಲ್ಲಿ 7 ಮತ್ತು ಸೊನ್ನೆ ಕಳೆದರೆ 5 ಬರುತ್ತದೆಯೇ?

ಸರಿ, ಆಮೇಲೆ ಕಲಿತದ್ದನ್ನು ಬರೆದುಬಿಡುತ್ತೇನೆ. ಯಾರಿಗಾದರೂ ಉಪಯೋಗವಾದೀತು.

ಮೊದಲನೆಯದು, ಎಂಡಿಎಡಿಎಂನ ಕಾನ್ಫ್ ಫೈಲಿನಲ್ಲಿ ಗುಂಪಿನ ಸಾಲಿಗೆ 'ಸ್ಪೇರ್ಸ್=1' ಅಂತ ಸೇರಿಸಿ. ಆಗ ಕಾವಲಿಗೆ ಕೂತ '--ಮಾನಿಟರ್' ಶುರುವಾದಾಗ ಸ್ಪೇರ್ ಕಡಿಮೆ ಇದ್ದರೆ 'ಸ್ಪೇರ್ಸ್‌ಮಿಸಿಂಗ್' ಅಂತ ಪತ್ರ ಬರೆಯುತ್ತದೆ. ಆ ಒಂದು ಪದ ಇದ್ದಿದ್ದರೆ ನವೆಂಬರಿನ ನಂತರದ ಪ್ರತಿ ಸೋಮವಾರ ನನಗೊಂದು ಪತ್ರ ಬರುತ್ತಿತ್ತು. ಎರಡನೆಯದು, ಮೇಲ್‌ಅಡ್ರ್ ಸಾಲಿನಲ್ಲಿ ನೀವು ದಿನಾ ತೆರೆಯುವ ವಿಳಾಸ ಕೊಡಿ, ರೂಟ್ ಅಂತ ಬಿಡಬೇಡಿ. '--ಮಾನಿಟರ್ --ಸ್ಕ್ಯಾನ್ --ಒನ್‌ಶಾಟ್ --ಟೆಸ್ಟ್' ಕೊಟ್ಟರೆ ಪರೀಕ್ಷೆಯ ಪತ್ರ ಬರುತ್ತದೆ. ಬಂತಾ ನೋಡಿ.

ಮೂರನೆಯದು ಮುಖ್ಯ. ತಿಂಗಳ ತಪಾಸಣೆ ಓದುವುದು ಕೆಲಸದಲ್ಲಿರುವ ಡಿಸ್ಕುಗಳನ್ನು ಮಾತ್ರ. ಸ್ಪೇರನ್ನು ಮುಟ್ಟುವುದೇ ಇಲ್ಲ. ಅದು ಕಾಯುತ್ತಾ ಕಾಯುತ್ತಾ ಒಳಗೇ ಕೆಟ್ಟಿದ್ದರೆ ಗೊತ್ತಾಗುವುದು ಬೇಕಾದ ದಿನವೇ. ಹಾಗಾಗಿ ಸ್ಮಾರ್ಟ್‌ಸಿಟಿಎಲ್‌ನಿಂದ ಅದಕ್ಕೆ ಪ್ರತ್ಯೇಕವಾಗಿ ಉದ್ದದ ಪರೀಕ್ಷೆ ಓಡಿಸಿ. 2007ರಲ್ಲಿ ಗೂಗಲ್‌ನವರು ತಮ್ಮ ಡಿಸ್ಕುಗಳ ಬಗ್ಗೆ ಬರೆದ ಪ್ರಬಂಧದಲ್ಲಿ, ಮೊದಲ ಸ್ಕ್ಯಾನ್ ದೋಷ ಕಂಡ ಡಿಸ್ಕು ಮುಂದಿನ 60 ದಿನಗಳಲ್ಲಿ ಸಾಯುವ ಸಾಧ್ಯತೆ ದೋಷವಿಲ್ಲದ್ದಕ್ಕಿಂತ 39 ಪಟ್ಟು ಹೆಚ್ಚು ಅಂತಿದೆ. ಅದೇ ಸಮ್ಮೇಳನದಲ್ಲಿ ಬಿಯಾಂಕಾ ಶ್ರೋಡರ್ ಜೊತೆ ಇನ್ನೊಂದು ಪ್ರಬಂಧ ಬರೆದವರು ರೇಡ್ ಪ್ರಬಂಧದ ಅದೇ ಗಾರ್ತ್ ಗಿಬ್ಸನ್. ವರ್ಷಕ್ಕೆ ನೂರಕ್ಕೆ 2ರಿಂದ 4 ಡಿಸ್ಕು ಬದಲಿಸುವುದು ಸಾಮಾನ್ಯ, ಕೆಲವೆಡೆ 13ರವರೆಗೂ ಹೋಗಿದೆ, ಮತ್ತು ಈ ಸಾವುಗಳು ಒಂದಕ್ಕೊಂದು ಸಂಬಂಧವಿಲ್ಲದವಲ್ಲ ಅನ್ನುತ್ತಾರೆ. ಒಂದು ಸತ್ತಾಗ ಇನ್ನೊಂದನ್ನೂ ಅನುಮಾನದಿಂದ ನೋಡಿ ಅಂತ ಅರ್ಥ.

ಎರಡು ಮೂರು ಗುಂಪುಗಳಿದ್ದರೆ ಎಲ್ಲಕ್ಕೂ ಸೇರಿ ಒಂದೇ ಸ್ಪೇರ್ ಇಡಬಹುದು. ಕಾನ್ಫ್ ಫೈಲಿನಲ್ಲಿ ಎಲ್ಲಕ್ಕೂ ಒಂದೇ 'ಸ್ಪೇರ್-ಗ್ರೂಪ್' ಹೆಸರು ಕೊಟ್ಟರೆ, ಅಗತ್ಯವಿದ್ದ ಕಡೆಗೆ ಸ್ಪೇರ್ ಸಾಗುತ್ತದೆ. ಆದರೆ ಸಾಗಿಸುವುದು ಕರ್ನಲ್ ಅಲ್ಲ, ಆ ಮಾನಿಟರ್. ಅದು ಓಡುತ್ತಿಲ್ಲದಿದ್ದರೆ ಸ್ಪೇರ್ ಕೂತಲ್ಲೇ ಕೂತಿರುತ್ತದೆ.

ಅನುಮಾನ ಬಂದ ಡಿಸ್ಕನ್ನು '--ಫೇಲ್' ಮಾಡಿ ಹೊರಗೆ ಹಾಕಲು ಆತುರಪಡಬೇಡಿ. 2012ರ ಲಿನಕ್ಸ್ 3.3ರಿಂದ '--ರಿಪ್ಲೇಸ್' ಸೌಲಭ್ಯವಿದೆ. ಹಳೆಯದು ಇನ್ನೂ ಕೂತಿರುವಾಗಲೇ ಸ್ಪೇರ್ ಅದನ್ನು ನಕಲು ಮಾಡಿಕೊಂಡು, ಆಮೇಲೆ ಜಾಗ ಬದಲಿಸುತ್ತದೆ. ನಡುವೆ ಒಂದು ಕ್ಷಣವೂ ನಾಲ್ಕು ಮೂರಾಗುವುದಿಲ್ಲ. ಪೆಟ್ಟಿಗೆಯಿಂದ ಎಳೆಯುವ ಮೊದಲು ಕ್ರಮಸಂಖ್ಯೆ ನೋಡಿ. ಸತ್ತದ್ದನ್ನು ಬಿಟ್ಟು ಬದುಕಿದ್ದನ್ನು ಎಳೆದವರ ಕಥೆ ಬೇಕಾದಷ್ಟಿದೆ.

ಮತ್ತೆ, ರೇಡ್ ಬ್ಯಾಕಪ್ ಅಲ್ಲ. ಇದನ್ನು ಎಲ್ಲರೂ ಹೇಳುತ್ತಾರೆ, ನಾನೂ ಹೇಳುತ್ತಿದ್ದೆ. "ಮುಂದಿನ ವಾರ" ಅಂತಲೂ ಹೇಳುತ್ತಿದ್ದೆ.

ಇಷ್ಟನ್ನೂ ಆ ಹುಡುಗನಿಗೆ ಹೇಳಿದೆ. ಅಜ್ಜಿಯ ಹಾಡನ್ನೂ ಕೇಳಿಸಿದೆ. ಎಡಿಟ್ ಮಾಡಿ ಆ ಸದ್ದು ತೆಗೆಯಬಹುದಲ್ವಾ ಅಂದ. ತೆಗೆಯಬಹುದು, ಐದು ನಿಮಿಷದ ಕೆಲಸ. ಆ ಮನೆಯವರಿಗೆ ಕೊಟ್ಟ ಪ್ರತಿಯಲ್ಲಿ ತೆಗೆದಿದ್ದೇನೆ, ನಡೆದದ್ದನ್ನು ಮೊಮ್ಮಗನಿಗೆ ಹೇಳಿಯೇ ಕೊಟ್ಟಿದ್ದೇನೆ. ನನ್ನ ಪ್ರತಿಯಲ್ಲಿ ಹಾಗೇ ಇಟ್ಟುಕೊಂಡಿದ್ದೇನೆ.

ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ತನ್ನ ಜಾಗಕ್ಕೆ ಹೋಗಿ ಸ್ಪೇರ್ ಡಿಸ್ಕಿಗೆ ಉದ್ದದ ಪರೀಕ್ಷೆ ಹಚ್ಚಿದ. ಹೇಳದೇ ಹಚ್ಚಿದ್ದು ನೋಡಿ ಖುಷಿಯಾಯಿತು.

ನಿಮ್ಮ ಸ್ಟೆಪ್ನಿಗೆ ಗಾಳಿ ಇದೆಯಾ? ಇದನ್ನು ಓದಿ ಮುಗಿಸಿದವರು ಒಮ್ಮೆ ಹೋಗಿ ನೋಡಿ ಬನ್ನಿ. ಅದಾಗಿ ಅದು ಹೇಳಲ್ಲ.